ತಲಾ 7 ಕೇಜಿ, 34 ದಿನ

ಬ್ಯಾಂಕಾಕ್‌ಗೆ ವಿಮಾನದ ಟಿಕೆಟ್ ಮಾಡಿಸಿ ತಿಂಗಳಾಗಿತ್ತು. ಹೊರಡೋಕೆ ಇನ್ನು ಹದಿನೈದು ದಿನ ಅನ್ನುವಾಗ, 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ ಭೂಕಂಪವಾಗಿ ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ದೊಡ್ಡ ಕಟ್ಟಡವೊಂದು ಕುಸಿಯಿತು. ಟಿವಿಯಲ್ಲಿ ದಿನವಿಡೀ ಅದೇ. ನಮ್ಮ ಅತ್ತೆ ನೋಡಿ ನೋಡಿ ಕೊನೆಗೆ ಕೇಳಿದರು: "ನೆಲ ಅಲ್ಲಾಡೋ ಊರಿಗೇ ಹೋಗ್ಬೇಕಾ ನಿಮ್ಗೆ? ಧರ್ಮಸ್ಥಳಕ್ಕೆ ಹೋಗಿ ಬನ್ನಿ, ಸಾಕು." ಇವರು, ಅಂದರೆ ನನ್ನ ಗಂಡ, ಸುಮ್ಮನೆ ಎದ್ದು ತೋಟಕ್ಕೆ ಹೋದರು. ಉತ್ತರ ಕೊಡೋ ಕೆಲಸ ನನ್ನ ಪಾಲಿಗೆ ಬಂತು.

ನಮ್ಮದು ಮೂಡಿಗೆರೆ ತಾಲ್ಲೂಕು. ನಾಲ್ಕು ಎಕರೆ ರೋಬಸ್ಟಾ ಕಾಫಿ ಇದೆ, ಅದು ಇವರದ್ದು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಆ ವರ್ಷ ರೋಬಸ್ಟಾಕ್ಕೆ ಯಾವತ್ತೂ ಕಾಣದ ದರ ಬಂದಿತ್ತು. ಅದರಲ್ಲಿ ಒಂದೂವರೆ ಲಕ್ಷ ತೆಗೆದಿಟ್ಟು, ಇಷ್ಟರಲ್ಲಿ ಎಷ್ಟು ದಿನ ಆಗುತ್ತೋ ಅಷ್ಟು ದಿನ ಅಂತ ತೀರ್ಮಾನಿಸಿದೆವು. ಹೂವಿಗೆ ನೀರು, ಅದಾದ ಮೇಲೆ ಕೊಡೋ ಬ್ಯಾಕಿಂಗ್ ನೀರು ಎಲ್ಲ ಮುಗಿದು, ಮಳೆಗೆ ಮುಂಚೆ ಗೊಬ್ಬರ ಹಾಕೋವರೆಗೆ ತೋಟದಲ್ಲಿ ಸ್ವಲ್ಪ ಬಿಡುವು. ನನಗೆ ಏಪ್ರಿಲ್ 11ರಿಂದ ಬೇಸಿಗೆ ರಜೆ. ಸರ್ಕಾರಿ ನೌಕರರು ಹೊರದೇಶಕ್ಕೆ ಹೋಗೋಕೆ ಇಲಾಖೆಯ ಅನುಮತಿ ಬೇಕು, ಅದಕ್ಕೆ ಜನವರಿಯಲ್ಲೇ ಅರ್ಜಿ ಹಾಕಿದ್ದೆ. ನನ್ನಂಥ ನೌಕರರು ಟಿಕೆಟ್ ಮಾಡಿಸೋ ಮೊದಲೇ ಅರ್ಜಿ ಕೊಟ್ಟಿರಬೇಕು.

ಇಲ್ಲಿಂದಲೇ ರಸ್ತೆಯಲ್ಲಿ ಹೋಗಬೇಕು ಅನ್ನೋದು ಇವರ ಆಸೆ. ಮಣಿಪುರದ ಮೋರೆ ದಾಟಿ ಮ್ಯಾನ್ಮಾರ್, ಅಲ್ಲಿಂದ ಥಾಯ್ಲೆಂಡ್. ನಕ್ಷೆಯಲ್ಲಿ ಗೆರೆ ಚೆಂದವಾಗೇ ಕಾಣುತ್ತೆ. ಆದರೆ 2020ರ ಕೋವಿಡ್, 2021ರ ಮ್ಯಾನ್ಮಾರ್ ಸೈನಿಕ ದಂಗೆ, ಆಮೇಲೆ ಮಣಿಪುರದ ಗಲಭೆ ಎಲ್ಲ ಸೇರಿ ಆ ದಾರಿ ನಮ್ಮಂಥವರಿಗೆ ದಾರಿಯಾಗಿ ಉಳಿದಿಲ್ಲ. ಹಾಗಾಗಿ ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನ. ಅಲ್ಲಿಂದ ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ ಸುತ್ತಿ ಮತ್ತೆ ಬ್ಯಾಂಕಾಕ್‌ವರೆಗೆ ಬರೀ ಬಸ್ಸು, ರೈಲು. ವಿಮಾನಕ್ಕೆ ಹೋಗಿಬರೋಕೆ ಇಬ್ಬರಿಗೂ ಸೇರಿ ₹36,400 ಆಯಿತು.

ಚೀಲ ತಲಾ 7 ಕೇಜಿ, ಕ್ಯಾಬಿನ್‌ನಲ್ಲಿ ಬಿಡೋದೇ ಅಷ್ಟು. ಮೂರು ಜೊತೆ ಬಟ್ಟೆ, ದಿನಾ ರಾತ್ರಿ ಒಂದು ಜೊತೆ ಒಗೆದು ಫ್ಯಾನ್ ಕೆಳಗೆ ಹರವಬೇಕು. ಇಡೀ ಸಾಮಾನಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇವರ ಹಳೇ ಬಿಳಿ ಪಂಚೆ. ಟವೆಲ್ ಆಯ್ತು, ಸ್ಲೀಪರ್ ಬಸ್ಸಿನಲ್ಲಿ ಹೊದಿಕೆ ಆಯ್ತು, ಪರದೆ ಇಲ್ಲದ ಕಿಟಕಿಗೆ ಪರದೆ ಆಯ್ತು, ಲಾವೋಸಿನ ಪಾಕ್ಸಾಂಗ್‌ನಲ್ಲಿ ಹಲಸಿನ ಹಣ್ಣು ಬಿಡಿಸೋಕೂ ಅದನ್ನೇ ಹಾಸಿದೆವು. ಆ ಅಂಟಿನ ಕಲೆ ಇವತ್ತಿಗೂ ಹೋಗಿಲ್ಲ. ನಾನು ಮಾಂಸ ಬಿಟ್ಟು ಹತ್ತು ವರ್ಷವಾದ್ದರಿಂದ ರಾಗಿ ಹುರಿಹಿಟ್ಟು ಒಂದು ಕೇಜಿ, ಚಟ್ನಿಪುಡಿ ಅರ್ಧ ಕೇಜಿ ನನ್ನ ಚೀಲದಲ್ಲಿತ್ತು.

ಲೆಕ್ಕ ಬರೆಯೋಕೆ ಇನ್ನೂರು ಪುಟದ ನೋಟ್‌ಬುಕ್ಕು. ಊಟ, ವಸತಿ, ಓಡಾಟ ಎಲ್ಲ ಸೇರಿ ದಿನಕ್ಕೆ ಇಬ್ಬರಿಗೆ ₹3,000. ಮೊದಲ ನಾಲ್ಕು ದಿನದಲ್ಲೇ ಅದು ಕೆಟ್ಟಿತು.

ತಪ್ಪು ನನ್ನದೇ. ಮಕ್ಕಳಿಗೆ ಸೌರಮಾನ ಯುಗಾದಿ, ಬಿಸು ಅಂತೆಲ್ಲ ಪಾಠ ಮಾಡೋಳು ನಾನು. ಸೂರ್ಯ ಮೇಷಕ್ಕೆ ಬರೋ ಆ ದಿನವೇ ಥಾಯ್ಲೆಂಡ್‌ನ ಹೊಸವರ್ಷ, ಅದರ ಹೆಸರು ಸೋಂಕ್ರಾನ್, ಅಂದರೆ ನಮ್ಮ ಸಂಕ್ರಾಂತಿಯೇ ಅಂತ ಗೊತ್ತಾಗಿದ್ದು ಏಪ್ರಿಲ್ 13ರ ಬೆಳಿಗ್ಗೆ ಬ್ಯಾಂಕಾಕ್‌ನಲ್ಲಿ ಇಳಿದ ಮೇಲೆ. ಊರಿಗೆ ಊರೇ ತವರಿಗೆ ಹೊರಟಿದೆ. ಲಾವೋಸ್ ಗಡಿಯ ನಾಂಗ್ ಖಾಯ್‌ಗೆ ಹೋಗೋ ರಾತ್ರಿ ರೈಲಿನಲ್ಲಿ 17ರವರೆಗೆ ಒಂದು ಬರ್ತೂ ಇಲ್ಲ. ಬಸ್ಸೂ ಇಲ್ಲ. 400 ಬಾತ್ ಅಂತ ನೋಡಿಟ್ಟುಕೊಂಡಿದ್ದ ರೂಮು 900 ಬಾತ್. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಹಾಕಿಕೊಳ್ಳಿ, ನಾಲ್ಕು ರಾತ್ರಿಗೆ ಐದು ಸಾವಿರ ಮೇಲೆ ಬಿತ್ತು.

ಬೀದಿಗೆ ಕಾಲಿಟ್ಟರೆ ಓಕುಳಿ. ಬಣ್ಣ ಇಲ್ಲ, ಬರೀ ನೀರು, ಜೊತೆಗೆ ಕೆನ್ನೆಗೆ ಬಳಿಯೋಕೆ ಬಿಳಿ ಸುಣ್ಣದಂಥ ಹಿಟ್ಟು. ಅಜ್ಜಿಯೊಬ್ಬರು ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹೋಗಿಬರೋರ ಹೆಗಲಿಗೆ ಒಂದೊಂದು ಚೊಂಬು ಮೆತ್ತಗೆ ಸುರಿದು ಕೈಮುಗಿಯುತ್ತಿದ್ದರು. ಅವರ ಮೊಮ್ಮಗ ಮಾತ್ರ ಪಿಚಕಾರಿ ಹಿಡಿದು ನೇರ ಸೊಂಟದ ಚೀಲಕ್ಕೇ ಗುರಿ ಇಟ್ಟ. ಪಾಸ್‌ಪೋರ್ಟ್ ಅದರಲ್ಲೇ ಇತ್ತು! ಎರಡು ಪುಟ ಅಂಟಿಕೊಂಡವು. ರೂಮಿನಲ್ಲಿ ಫ್ಯಾನ್ ಗಾಳಿಗೆ ಹಿಡಿದುಕೊಂಡು ಕೂತ ನನ್ನನ್ನು ನೋಡಿ ಇವರು, "ಎಂತ ಮಾರಾಯ್ತಿ, ಹಪ್ಪಳ ಒಣಗಿಸಿದ ಹಾಗೆ" ಅಂದರು. ಆವತ್ತಿಂದ ಪಾಸ್‌ಪೋರ್ಟು ಜಿಪ್ ಇರೋ ಪ್ಲಾಸ್ಟಿಕ್ ಚೀಲದಲ್ಲಿ.

ಮೂರು ದಿನ ಕಳೆದುಕೊಂಡಿದ್ದರಿಂದ ಉತ್ತರ ಲಾವೋಸಿನ ಲುವಾಂಗ್ ಪ್ರಬಾಂಗ್ ಊರನ್ನು ಕೈಬಿಟ್ಟೆವು. 2021ರ ಕೊನೆಗೆ ಶುರುವಾದ ಚೀನಾ ರೈಲಿನಲ್ಲಿ ರಾಜಧಾನಿ ವಿಯೆಂಟಿಯಾನ್‌ನಿಂದ ಎರಡು ಗಂಟೆ ದಾರಿಯಂತೆ. ಇವರಿಗೆ ಈಗಲೂ ಅದರ ಹೊಟ್ಟೆಉರಿ ಇದೆ, ನನಗಿಲ್ಲ. ಮೆಕಾಂಗ್ ಮೇಲಿನ ಸ್ನೇಹ ಸೇತುವೆ ದಾಟಿ, ಗಡಿಯಲ್ಲೇ ವೀಸಾ ಮಾಡಿಸಿಕೊಂಡು, ವಿಯೆಂಟಿಯಾನ್‌ನಿಂದ ರಾತ್ರಿ ಬಸ್ಸಿಗೆ ದಕ್ಷಿಣದ ಪಾಕ್ಸೆಗೆ ಹೊರಟೆವು. ಲಾವೋಸಿನ ಸ್ಲೀಪರ್ ಬಸ್ಸಿನಲ್ಲಿ ಒಂದು ಹಾಸಿಗೆಗೆ ಇಬ್ಬರು. ಒಬ್ಬರೇ ಹೋದರೆ ಗೊತ್ತಿಲ್ಲದವರ ಪಕ್ಕ ಮಲಗಬೇಕು. ಗಂಡ ಹೆಂಡತಿ ಅಂದರೆ ಆ ತೊಂದರೆ ಇಲ್ಲ, ಮೇಲಾಗಿ ಒಂದು ರಾತ್ರಿಯ ರೂಮು ಬಾಡಿಗೆಯೂ ಉಳಿಯಿತು.

ಪಾಕ್ಸೆಯಿಂದ ಗಂಟೆ ದೂರದಲ್ಲಿ ಬೊಲಾವೆನ್ ಪ್ರಸ್ಥಭೂಮಿ, ಅದರ ಮೇಲೆ ಪಾಕ್ಸಾಂಗ್. ಕೆಳಗೆ ಬೆವರು ಸುರಿಯುತ್ತಿದ್ದವರಿಗೆ ಅಲ್ಲಿ ಬಸ್ಸಿನಿಂದ ಇಳಿದಾಗ ಮೂಡಿಗೆರೆಯ ಗಾಳಿ. ಫ್ರೆಂಚರು ನೂರು ವರ್ಷದ ಹಿಂದೆ ಕಾಫಿ ಹಾಕಿದ ಜಾಗ ಅದು. ಇವರು ದಾರಿ ಬದಿಯ ಗಿಡದ ಎಲೆ ತಿರುಗಿಸಿ ನೋಡಿ, "ಕ್ಯಾಟಿಮೋರ್, ನಮ್ಮ ಕಾವೇರಿ ತಳಿಯ ದಾಯಾದಿ" ಅಂತ ಗುರುತು ಹಿಡಿದರು. ಮೂರು ದಿನ ಇದ್ದೆವು, ದಿನಕ್ಕೆ ₹1,900 ದಾಟಲಿಲ್ಲ. ಲಾವೋಸಿನವರ ಅಂಟು ಅನ್ನ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬರುತ್ತೆ. ಕೈಯಲ್ಲಿ ಮುರಿದು, ಉಂಡೆ ಕಟ್ಟಿ, ಅದ್ದಿ ತಿನ್ನಬೇಕು. ಮುದ್ದೆ ಉಂಡ ಕೈಗೆ ಇದನ್ನು ಹೇಳಿಕೊಡಬೇಕಾ? ಹೋಟೆಲಿನ ಹೆಂಗಸು ನನ್ನ ಬೆರಳು ನೋಡಿ ನಕ್ಕು ಇನ್ನೊಂದು ಬುಟ್ಟಿ ತಂದಿಟ್ಟಳು, ನಾನು ಚಟ್ನಿಪುಡಿ ಬಿಚ್ಚಿದೆ. ಕಾಲುದಾರಿ ಬಿಟ್ಟು ಕಾಡಿಗೆ ಇಳಿಯಬೇಡಿ ಅಂತ ಎಲ್ಲರೂ ಹೇಳಿದರು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಆ ದೇಶದ ಮೇಲೆ ಸುರಿದದ್ದು ಇಪ್ಪತ್ತು ಲಕ್ಷ ಟನ್‌ಗೂ ಹೆಚ್ಚು ಬಾಂಬು, ಸಿಡಿಯದವು ಇನ್ನೂ ಮಣ್ಣಿನಲ್ಲಿವೆ. ತೋಟ ಕಂಡರೆ ನುಗ್ಗೋ ಇವರ ಅಭ್ಯಾಸಕ್ಕೆ ಅದೊಂದೇ ಕಡಿವಾಣ.

ವಿಯೆಟ್ನಾಂಗೆ ಬೋ ಯೀ ಗಡಿಯಲ್ಲಿ ದಾಟಿದೆವು. ಇ-ವೀಸಾಕ್ಕೆ ತಲಾ 25 ಡಾಲರ್, ಯಾವ ಗಡಿಯಿಂದ ಒಳಗೆ ಹೋಗ್ತೀರಿ ಅನ್ನೋದನ್ನು ಅರ್ಜಿಯಲ್ಲೇ ಬರೆಯಬೇಕು. ಇಬ್ಬರಿಗೆ 50 ಆಗಬೇಕಿದ್ದಲ್ಲಿ ನಾನು 75 ಡಾಲರ್ ಕಟ್ಟಿದೆ. ಸೆಪ್ಟೆಂಬರ್ 4ಕ್ಕೆ ಹುಟ್ಟಿದವಳು ಏಪ್ರಿಲ್ 9 ಅಂತ ತುಂಬಿದ್ದೆ, ಅದು ಕಣ್ಣಿಗೆ ಬಿದ್ದಿದ್ದು ಪ್ರಿಂಟ್ ತೆಗೆದ ಮೇಲೆ. ಮಕ್ಕಳ ನೋಟ್ಸಿನಲ್ಲಿ ಇಂಥದ್ದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕೋಳು ನಾನೇ. ಕಟ್ಟಿದ ದುಡ್ಡು ವಾಪಸ್ ಬರಲ್ಲ, ಹೊಸ ಅರ್ಜಿಯೇ ಹಾಕಬೇಕು. ಇನ್ನೊಂದು ಮಾತು: ಲಾವೋಸಿನ ಕಿಪ್ ಗಡಿ ದಾಟಿದರೆ ಬರೀ ಕಾಗದ. ಉಳಿದಿದ್ದ ಮೂರು ಲಕ್ಷ ಕಿಪ್, ಅಂದರೆ ಹೆಚ್ಚುಕಡಿಮೆ ₹1,200, ಗಡಿಯ ಹೆಂಗಸೊಬ್ಬಳಿಗೆ ಅವಳು ಹೇಳಿದ ದರಕ್ಕೇ ಕೊಟ್ಟೆವು.

ಬುವಾನ್ ಮಾ ಥುವಟ್‌ಗೆ ಬಂದಿದ್ದು ಏಪ್ರಿಲ್ 27ಕ್ಕೆ. ಜಗತ್ತಿನಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯೋ ದೇಶದ ಕಾಫಿ ಪೇಟೆ ಅದು, ನಮ್ಮ ಚಿಕ್ಕಮಗಳೂರು ಅಂದುಕೊಳ್ಳಿ. ಎರಡು ದಿನ ಇದ್ದು ಹೋ ಚಿ ಮಿನ್ ನಗರಕ್ಕೆ ಹೋಗೋದು ಅಂತಿತ್ತು. ಈ ಸಲ ಮಾತ್ರ ನಾನು ಮೊದಲು ಕ್ಯಾಲೆಂಡರ್ ತೆಗೆದೆ. ಏಪ್ರಿಲ್ 30ಕ್ಕೆ ವಿಯೆಟ್ನಾಂ ಯುದ್ಧ ಮುಗಿದು 50 ವರ್ಷ, ಅಲ್ಲಿ ಭಾರೀ ಪಥಸಂಚಲನ, ರೂಮಿನ ದರ ಮೂರು ಪಟ್ಟು. "ಮೇ 4ರವರೆಗೆ ಇಲ್ಲಿಂದ ಕದಲೋದು ಬೇಡ" ಅಂದೆ. ಇವರು ಕುಣಿಯೋದೊಂದು ಬಾಕಿ. ದಿನಕ್ಕೆ ಎರಡು ಲಕ್ಷ ಡಾಂಗ್ ರೂಮು, ಅಂದರೆ ₹650. ವಾರಕ್ಕೆ ಅಂತ ಒಟ್ಟಿಗೆ ಮಾತಾಡಿದ್ದಕ್ಕೆ ಒಂದು ದಿನದ್ದು ಬಿಟ್ಟರು.

ನನ್ನ ಊಟಕ್ಕೂ ಅದೇ ಕ್ಯಾಲೆಂಡರ್ ಒದಗಿತು. ಅಲ್ಲಿ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಬೌದ್ಧರು ಅನೇಕರು ಮಾಂಸ ಮುಟ್ಟಲ್ಲ. ನಾವು ಬಂದ ಮರುದಿನವೇ, ನಮ್ಮಲ್ಲಿ ಅಮಾವಾಸ್ಯೆ ಕಳೆದ ದಿನ, ಬೀದಿ ತುಂಬ 'ಚಾಯ್' ಬೋರ್ಡು. ಚಾಯ್ ಅಂದರೆ ಟೀ ಅಲ್ಲ, ಸಸ್ಯಾಹಾರ. ಮೀನಿನ ಸಾರದ ಹನಿಯೂ ಇಲ್ಲದ ಅನ್ನ, ತೋಫು, ಎಳೇ ಹಲಸಿನಕಾಯಿ ಪಲ್ಯ ಒಂದು ತಟ್ಟೆಗೆ ₹100. ಥಾಯ್ಲೆಂಡ್‌ನಲ್ಲಿ 'ಜೇ' ಅನ್ನಬೇಕು, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತೆ. ಈ ಎರಡು ಮಾತು ಬಾಯಿಪಾಠ ಮಾಡಿಕೊಂಡ ಮೇಲೆ ನನ್ನ ಹುರಿಹಿಟ್ಟು ಖಾಲಿಯಾಗೋದು ನಿಧಾನವಾಯ್ತು.

ರೂಮಿನವರ ಪರಿಚಯದ ಬೆಳೆಗಾರರೊಬ್ಬರ ತೋಟಕ್ಕೆ ಬಾಡಿಗೆ ಸ್ಕೂಟರಿನಲ್ಲಿ ಹೋದೆವು. ಕೆಂಪು ಮಣ್ಣು, ನೆರಳಿನ ಮರವೇ ಇಲ್ಲ. ಸಿಲ್ವರ್ ಓಕ್ ಇಲ್ಲ, ಅತ್ತಿ ಇಲ್ಲ, ಬಯಲಲ್ಲಿ ನಿಂತ ರೋಬಸ್ಟಾ. ನಮಗೆ ಮೈ ಮೇಲೆ ಬಟ್ಟೆ ಇಲ್ಲದ ತೋಟ ಅನ್ನಿಸಿತು. ಮೆಣಸಿನ ಬಳ್ಳಿಗೆ ಬೇರೆಯೇ ಕಂಬ. ಕಾಫಿ ಸಾಲುಗಳ ನಡುವೆ ಡೂರಿಯನ್ ಹಾಕಿದ್ದರು, ಚೀನಾಕ್ಕೆ ಹೋಗುತ್ತಂತೆ, ಅದರ ದುಡ್ಡು ಕಾಫಿಗಿಂತ ಬೇಗ. ಪ್ರತಿ ಗಿಡದ ಬುಡದಲ್ಲಿ ಅಗಲವಾದ ಪಾತಿ. ನಾವು ಸ್ಪ್ರಿಂಕ್ಲರ್ ತಿರುಗಿಸಿ ಹೂಮಳೆಗೆ ಕಾಯುತ್ತೇವೆ, ಅವರು ಬಾವಿಯಿಂದ ಪೈಪ್ ಎಳೆದು ಒಂದೊಂದೇ ಪಾತಿ ತುಂಬಿಸುತ್ತಾರೆ. ಇವರೂ ಆ ಯಜಮಾನರೂ ಫೋನಿನ ಅನುವಾದ ನಂಬಿಕೊಂಡು ಶುರು ಮಾಡಿದವರು, ಹತ್ತು ನಿಮಿಷಕ್ಕೆ ಫೋನು ಜೇಬಿಗೆ ಹಾಕಿ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ಕಡ್ಡಿಯಲ್ಲಿ ಅಂಕಿ ಬರೆಯೋದು, ಅಳಿಸೋದು. ಹೆಕ್ಟೇರಿಗೆ 3 ಟನ್ ಅಂತ ಅವರು ಬರೆದರು. ಇವರು ನಮ್ಮ ತೋಟದ ಲೆಕ್ಕ ಹೆಕ್ಟೇರಿಗೆ ತಿರುಗಿಸಿ 1.2 ಅಂತ ಬರೆದು, ಮೇಲೆ ನೋಡಿ ಮರದ ಆಕಾರ ಬಿಡಿಸಿದರು. ಯಜಮಾನರು ತಲೆ ಎತ್ತಿ ಬಿಸಿಲನ್ನೊಮ್ಮೆ ನೋಡಿ, ಆ ಮರದ ಚಿತ್ರವನ್ನು ಬೆರಳಿಂದ ಮುಟ್ಟಿ, ನಿಟ್ಟುಸಿರು ಬಿಟ್ಟರು. ಬಾವಿ ಎಷ್ಟು ಆಳ ಅಂತ ಕೇಳಿದ್ದಕ್ಕೆ ಕೈ ಕೆಳಗೆ, ಇನ್ನೂ ಕೆಳಗೆ ಅಂತ ತೋರಿಸಿದರು.

ಕಾಫಿ ಕೊಟ್ಟರು. ಲೋಟದ ಮೇಲೆ ಪುಟ್ಟ ಅಲ್ಯೂಮಿನಿಯಂ ಫಿಲ್ಟರ್, ತಳದಲ್ಲಿ ಮಂದ ಸಿಹಿ ಹಾಲು, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತೆ. ಚೆನ್ನಾಗಿತ್ತು, ಆದರೆ ನನಗೆ ಅದು ಕಾಫಿಗಿಂತ ಪಾಯಸದ ಕಡೆಗೆ ಹತ್ತಿರ.

ಹೋ ಚಿ ಮಿನ್ ನಗರದಲ್ಲಿ ಬೈಕು ಮತ್ತು ಬಿಸಿಲು ಬಿಟ್ಟು ಬೇರೇನೂ ನೆನಪಿಲ್ಲ. ಅಲ್ಲಿಂದ ಬಸ್ಸಿನಲ್ಲಿ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್. ತುವೋಲ್ ಸ್ಲೆಂಗ್‌ಗೆ ಹೋದೆವು. ಅದು ಮೊದಲು ಹೈಸ್ಕೂಲು. 1976ರಿಂದ 79ರವರೆಗೆ, ಆಗ ದೇಶ ಆಳುತ್ತಿದ್ದ ಖ್ಮೇರ್ ರೂಜ್‌ನವರು ಜೈಲು ಮಾಡಿಕೊಂಡಿದ್ದರು, ತರಗತಿಯೊಳಗೇ ಇಟ್ಟಿಗೆ ಗೋಡೆ ಎಬ್ಬಿಸಿ ಒಬ್ಬರು ಮುದುರಿಕೊಳ್ಳುವಷ್ಟು ಕೋಣೆಗಳು. ನೋಟ್‌ಬುಕ್ಕಿನ ಆ ಪುಟದಲ್ಲಿ ಟಿಕೆಟ್ ದರ ಒಂದೇ ಇದೆ.

ಕಾಂಬೋಡಿಯಾದಲ್ಲಿ ಡಾಲರ್ ನಡೆಯುತ್ತೆ, ಚಿಲ್ಲರೆ ರಿಯೆಲ್‌ನಲ್ಲಿ ಬರುತ್ತೆ, ಡಾಲರಿಗೆ 4,000. ಆದರೆ ನೋಟಿನ ಅಂಚು ಒಂದು ನೂಲು ಹರಿದಿದ್ದರೂ ತಗೊಳ್ಳಲ್ಲ. ಬೆಂಗಳೂರಿನಲ್ಲೇ ಒಂದೊಂದು ನೋಟು ತಿರುಗಿಸಿ ನೋಡಿ ತನ್ನಿ. ಆಂಕೋರ್‌ನ ಒಂದು ದಿನದ ಪಾಸು ತಲಾ 37 ಡಾಲರ್, ವಿಮಾನ, ವೀಸಾ, ರೂಮು ಬಿಟ್ಟರೆ ಇಡೀ ಪ್ರವಾಸದ ದೊಡ್ಡ ಖರ್ಚು ಅದೇ. ಸಂಜೆ ಐದರ ಹೊತ್ತಿಗೆ ಮರುದಿನದ ಪಾಸು ತಗೊಂಡರೆ ಆ ಸಂಜೆಯೂ ಬಿಡುತ್ತಾರೆ, ನಾವು ಹಾಗೇ ಮಾಡಿದೆವು. ಎರಡು ಸೈಕಲ್ ಬಾಡಿಗೆಗೆ ಹಿಡಿದು ನಸುಕಿಗೇ ಹೊರಟೆವು. ಬೇಲೂರಿನ ಚೆನ್ನಕೇಶವ 1117ರದ್ದು. ಆಂಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ನಮ್ಮ ವಿಷ್ಣುವರ್ಧನನ ಕಾಲದವನೇ, ಅದೂ ಮೊದಲು ವಿಷ್ಣುವಿನ ಗುಡಿಯೇ. ಬಳಪದ ಕಲ್ಲಿನ ಬಳೆ, ಜಡೆ, ಉಗುರು ನೋಡಿ ಬೆಳೆದ ಕಣ್ಣಿಗೆ ಇಲ್ಲಿನ ಮರಳುಗಲ್ಲಿನ ಕೆತ್ತನೆ ತೆಳು ಅನ್ನಿಸಿತು, ಸುಳ್ಳು ಹೇಳಲ್ಲ. ಆದರೆ ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನ ಹತ್ತಿರ ಹತ್ತಿರ ಐವತ್ತು ಮೀಟರ್ ಉದ್ದ, ದೇವತೆಗಳ ಸಾಲು ಮುಗಿಯೋದೇ ಇಲ್ಲ. ಪಕ್ಕದಲ್ಲಿದ್ದ ಯಾರದೋ ಮಗುವಿಗೆ ನಾನು ಕನ್ನಡದಲ್ಲೇ ಕಥೆ ಹೇಳೋಕೆ ಶುರು ಮಾಡಿದ್ದೆನಂತೆ. ಇವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಮೇ 13ಕ್ಕೆ ಪೋಯ್‌ಪೆಟ್ ಗಡಿ. ಮೇ 1ರಿಂದ ಥಾಯ್ಲೆಂಡ್‌ನವರು ಪ್ರವೇಶದ ಚೀಟಿಯನ್ನು ಆನ್‌ಲೈನ್ ಮಾಡಿದ್ದರು. ಏಪ್ರಿಲ್‌ನಲ್ಲಿ ಸುಮ್ಮನೆ ಹೋದ ನಮಗೆ ಅದು ಗೊತ್ತೇ ಇಲ್ಲ. ಸಾಲಿನಿಂದ ಆಚೆ ಬಂದು ಫೋನಿನಲ್ಲಿ ತುಂಬಿದೆವು. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳೋ ವೆಬ್‌ಸೈಟ್ ಸರ್ಕಾರದ್ದಲ್ಲ. ಹುಟ್ಟಿದ ದಿನಾಂಕ ಇವರು ಗಟ್ಟಿಯಾಗಿ ಓದಿ ಹೇಳಿದರು, ನಾನು ಒತ್ತಿದೆ. ಅಲ್ಲಿಂದ ಬ್ಯಾಂಕಾಕ್‌ಗೆ ಮೂರನೇ ದರ್ಜೆ ರೈಲು, ತಲಾ 49 ಬಾತ್, ಕಿಟಕಿ ತೆಗೆದಿಟ್ಟು ಹೆಚ್ಚುಕಡಿಮೆ ಆರು ಗಂಟೆ. ಮುಂದಿನ ತಿಂಗಳೇ ಎರಡೂ ದೇಶಕ್ಕೆ ಜಗಳವಾಗಿ ಆ ಗಡಿ ಮುಚ್ಚಿತು. ಈಗ ಹೋಗೋರು ಮೊದಲು ಅದನ್ನು ವಿಚಾರಿಸಿಕೊಳ್ಳಿ.

ವಿಮಾನ 36,400, ವೀಸಾಗಳು 18,300, ಉಳಿದದ್ದೆಲ್ಲ ಸೇರಿ 99,700. ಒಟ್ಟು ₹1,54,400. ಹೆಚ್ಚಾದ ನಾಲ್ಕು ಸಾವಿರದ ನಾನೂರು ಎಲ್ಲಿ ಹೋಯ್ತು ಅಂತ ಹುಡುಕಬೇಕಾಗಿಲ್ಲ, ಬ್ಯಾಂಕಾಕ್‌ನ ಆ ನಾಲ್ಕು ರಾತ್ರಿಯ ಪುಟ ತೆಗೆದರೆ ಸಾಕು.

ಮನೆಗೆ ಬಂದ ವಾರಕ್ಕೇ ಇವರು ಮೇಲಿನ ತೋಟದ ಹತ್ತು ಗಿಡಕ್ಕೆ ವಿಯೆಟ್ನಾಂ ಥರ ಪಾತಿ ಮಾಡಿದರು, ನೋಡೋಣ ಅಂತ. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ನಮ್ಮಲ್ಲಿಗೂ ತಡ ಮಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಹತ್ತು ಪಾತಿಯಲ್ಲೂ ಮೊಣಕೈ ಆಳ ನೀರು, ಒಳಗೆ ಕಪ್ಪೆ. ಅತ್ತೆ ಕೊಡೆ ಹಿಡಿದು ಹೋಗಿ ನೋಡಿಕೊಂಡು ಬಂದು, "ಏನಪ್ಪಾ, ಕಾಫಿ ನೆಟ್ಟಿದ್ಯೋ, ಭತ್ತ ನೆಟ್ಟಿದ್ಯೋ?" ಅಂದರು. ಇವರು ಮಾತಾಡದೆ ಕಂಬಳಿಕೊಪ್ಪೆ ಹಾಕಿ ಗುದ್ದಲಿ ಹಿಡಿದು ನೀರು ಬಿಡಿಸೋಕೆ ಹೋದರು.