ತಳ ತಿರುವಿ ನೋಡಿ: ಯುರೋಪಿನ ಹಳೆಯ ಸ್ಟೋನ್‌ವೇರ್, ಹಿತ್ತಾಳೆ, ಪ್ಯೂಟರ್ ಸಂಗ್ರಹಿಸುವವರಿಗೆ

ಯುರೋಪಿನ ಹಳೆಯ ಹೂಜಿ, ಹಿತ್ತಾಳೆ ತಟ್ಟೆ, ಪ್ಯೂಟರ್ (ಮುಖ್ಯವಾಗಿ ತವರದ ಮಿಶ್ರಲೋಹ) ಪಾತ್ರೆಗಳನ್ನು ಸಂಗ್ರಹಿಸಲು ಹೊರಟವರು ಮೊದಲು ರೂಢಿಸಿಕೊಳ್ಳಬೇಕಾದದ್ದು ವಸ್ತುವಿನ ಮುಖಕ್ಕಿಂತ ಮುಂಚೆ ಅದರ ತಳವನ್ನೂ ಒಳಮೈಯನ್ನೂ ನೋಡುವ ಅಭ್ಯಾಸ. 19ನೇ ಶತಮಾನದ ಉತ್ತರಾರ್ಧದಲ್ಲಿ ಮಧ್ಯಯುಗದ ಕೊನೆಯ ಗೋಥಿಕ್ ಮತ್ತು ಅದರ ನಂತರದ ರಿನೈಸೆನ್ಸ್ ಶೈಲಿಯ ವಸ್ತುಗಳಿಗೆ ಭಾರಿ ಬೇಡಿಕೆ ಎದ್ದಾಗ ಅಂದಿನ ಕಾರ್ಖಾನೆಗಳು ಅವುಗಳ ಪ್ರತಿಗಳನ್ನು ಹೇರಳವಾಗಿ ತಯಾರಿಸಿದವು. ಅವುಗಳಲ್ಲಿ ಹೆಚ್ಚಿನವನ್ನು ಮೋಸಕ್ಕೆಂದು ಮಾಡಿದ್ದಲ್ಲ. ಆದರೆ ಶತಮಾನಕ್ಕೂ ಮಿಕ್ಕಿದ ಕೈಬಳಕೆಯಿಂದ ಅವೂ ಈಗ ಹಳತಾಗಿ ಕಾಣುತ್ತವೆ. ಆಕಾರ, ಅಲಂಕಾರಗಳನ್ನಷ್ಟೇ ನೋಡಿದವರಿಗೆ ಅಸಲಿಗೂ ಪ್ರತಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಆರಂಭಕ್ಕೆ ಜರ್ಮನಿಯ ರೈನ್ ನದಿ ಪ್ರದೇಶದ ಸ್ಟೋನ್‌ವೇರ್‌ಗಿಂತ ಉತ್ತಮ ಪಾಠಶಾಲೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಶಾಖದಲ್ಲಿ ಸುಡುವ ಈ ಮಣ್ಣು ಕಲ್ಲಿನಂತೆ ಗಟ್ಟಿಯಾಗುತ್ತದೆ. ಪಾತ್ರೆ ಸುಡುವ ಗೂಡು ಉರಿಯುತ್ತಿರುವಾಗಲೇ ಅದರೊಳಗೆ ಉಪ್ಪು ಎರಚಿದರೆ ಅದರ ಸೋಡಿಯಂ ಆವಿಯು ಮಣ್ಣಿನ ಸಿಲಿಕಾದೊಡನೆ ಸೇರಿ, ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಕುಳಿಗಳಿರುವ ಗಾಜಿನ ಪೊರೆಯಾಗುತ್ತದೆ. ಬಣ್ಣ ನೋಡಿ ಊರನ್ನು ಸ್ಥೂಲವಾಗಿ ಊಹಿಸಬಹುದು: ಸೀಗ್‌ಬರ್ಗ್‌ನ ಪಾತ್ರೆಗಳು ಬಿಳಿಚಿಕೊಂಡಿರುತ್ತವೆ, ಫ್ರೆಖನ್‌ನವು ಚುಕ್ಕೆಚುಕ್ಕೆಯ ಕಂದು, ಇಂದು ಬೆಲ್ಜಿಯಂನಲ್ಲಿರುವ ರೇರನ್‌ನವು ಮೊದಲಿಗೆ ಕಂದು, ವೆಸ್ಟರ್‌ವಾಲ್ಡ್‌ನವು ಬೂದು ಮೈಯ ಮೇಲೆ ಕೋಬಾಲ್ಟ್ ನೀಲಿ. ಆದರೆ 16ನೇ ಶತಮಾನದ ಕೊನೆಗೆ ರೇರನ್ ಮತ್ತು ಸೀಗ್‌ಬರ್ಗ್‌ನ ಕುಂಬಾರರಲ್ಲಿ ಕೆಲವರು ವೆಸ್ಟರ್‌ವಾಲ್ಡ್‌ಗೆ ವಲಸೆ ಹೋದದ್ದರಿಂದ, ಆ ಕಾಲದ ನೀಲಿ ಹೂಜಿಗೆ ಯಾರಾದರೂ ಖಚಿತವಾಗಿ ಊರಿನ ಹೆಸರು ಹೇಳಿದರೆ ಆಧಾರ ಕೇಳುವುದು ಒಳ್ಳೆಯದು.

ಹೂಜಿಯ ಹೊಟ್ಟೆಯ ಮೇಲೆ ಅಚ್ಚೊತ್ತಿದ ಇಸವಿ ಹೊಸಬರನ್ನು ಸುಲಭವಾಗಿ ದಾರಿತಪ್ಪಿಸುತ್ತದೆ. ಉಬ್ಬು ಚಿತ್ರಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆದು ಹಸಿ ಪಾತ್ರೆಗೆ ಅಂಟಿಸುತ್ತಿದ್ದರು. ಇಸವಿ ಕೆತ್ತಿರುತ್ತಿದ್ದುದು ಅಚ್ಚಿನಲ್ಲಿ. ಅಚ್ಚನ್ನು ಕೆತ್ತಿದ ವರ್ಷವೇ ಪಾತ್ರೆ ಸುಟ್ಟ ವರ್ಷವಾಗಿರಬೇಕಿಲ್ಲ, ಏಕೆಂದರೆ ಒಂದೇ ಅಚ್ಚು ವರ್ಷಗಟ್ಟಲೆ ಬಳಕೆಯಲ್ಲಿರುತ್ತಿತ್ತು. 19ನೇ ಶತಮಾನದ ಕುಂಬಾರರಂತೂ ಹಳೆಯ ಪಾತ್ರೆಗಳ ಉಬ್ಬು ಚಿತ್ರಗಳನ್ನು ಇಸವಿಯ ಸಮೇತ ಹೊಸ ಪಾತ್ರೆಗಳಿಗೆ ಇಳಿಸಿದರು. ಇಸವಿಗಿಂತ ಬಣ್ಣವೇ ಕೆಲವೊಮ್ಮೆ ಹೆಚ್ಚು ನಂಬಿಗಸ್ಥ: ವೆಸ್ಟರ್‌ವಾಲ್ಡ್‌ನಲ್ಲಿ ಮ್ಯಾಂಗನೀಸ್‌ನ ನೇರಳೆ ಬಣ್ಣ ಬಳಕೆಗೆ ಬಂದದ್ದು 17ನೇ ಶತಮಾನದ ಉತ್ತರಾರ್ಧದಲ್ಲಿ. ಆದ್ದರಿಂದ 1590ರ ದಶಕದ ಇಸವಿಯನ್ನೂ ನೇರಳೆ ಬಣ್ಣವನ್ನೂ ಒಟ್ಟಿಗೆ ಹೊತ್ತ ಹೂಜಿಯನ್ನು ವಿನಯದಿಂದ ಮರಳಿಸಬೇಕು.

ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದು ಬೋರಲು ಮಾಡಿ, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ. ತಿರುಗುವ ತಿಗರಿಯ ಮೇಲಿಂದ ಪಾತ್ರೆಯನ್ನು ದಾರದಿಂದ ಕೊಯ್ದು ತೆಗೆದಿದ್ದರೆ ತಳದಲ್ಲಿ ಒಂದು ಬದಿಗೆ ವಾಲಿದ, ಕಪ್ಪೆಚಿಪ್ಪಿನ ಗೆರೆಗಳಂಥ ವಕ್ರರೇಖೆಗಳು ಕಾಣುತ್ತವೆ. ಬಾಯಿ ಅಗಲವಿದ್ದರೆ ಬೆರಳು ಇಳಿಸಿ ಒಳಗೋಡೆಯನ್ನು ಸವರಿ ನೋಡಿ. ಕುಂಬಾರನ ಬೆರಳು ಮೇಲಕ್ಕೆಳೆದ ಸುರುಳಿ ಏಣುಗಳು ತಾಗಬೇಕು. ಒಳಗೋಡೆ ನುಣ್ಣಗಿದ್ದು ಹೊರಗಿನ ಉಬ್ಬುತಗ್ಗುಗಳನ್ನೇ ಅನುಸರಿಸುತ್ತಿದ್ದರೆ, ಇಡೀ ಪಾತ್ರೆಯೇ ಅಚ್ಚಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ತಳದಲ್ಲಿ ಮಾದರಿ ಸಂಖ್ಯೆಯನ್ನು ಒತ್ತಿದ್ದರೆ ಅದು ಕಾರ್ಖಾನೆಯ ಸರಕೆಂದೇ ತಿಳಿಯಬಹುದು. ಕತ್ತಿನ ಮೇಲೆ ಗಡ್ಡಧಾರಿಯ ಮುಖವಿರುವ ಬಾರ್ಟ್‌ಮನ್ ಹೂಜಿಗಳಿಗೆ ಇನ್ನೊಂದು ನೆರವಿದೆ: 1629ರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಬಳಿ ಮುಳುಗಿದ ಡಚ್ ಹಡಗು ಬಟಾವಿಯಾದ ಅವಶೇಷಗಳಲ್ಲಿ ಇಂಥ ಹೂಜಿಗಳು ಸಿಕ್ಕಿವೆ. ಕಾಲ ಖಚಿತವಾಗಿ ಗೊತ್ತಿರುವ ಇಂಥ ಉದಾಹರಣೆಗಳೊಡನೆ ಹೋಲಿಸಿದರೆ ಮುಖದ ಕೆತ್ತನೆ 17ನೇ ಶತಮಾನದುದ್ದಕ್ಕೂ ಒರಟಾಗುತ್ತ ಹೋದದ್ದು ಕಣ್ಣಿಗೆ ಬೀಳುತ್ತದೆ.

ಹಿತ್ತಾಳೆಗೂ ಇದೇ ತರ್ಕ ಹೊಂದುತ್ತದೆ. ಆದಾಮ ಮತ್ತು ಹವ್ವ, ಸಂತ ಜಾರ್ಜ್ ಮುಂತಾದವರ ಉಬ್ಬು ಚಿತ್ರಗಳಿರುವ ನ್ಯೂರೆಂಬರ್ಗ್‌ನ ತಟ್ಟೆಗಳಲ್ಲಿ 15–16ನೇ ಶತಮಾನದ ತಗಡು ಸುತ್ತಿಗೆಯಲ್ಲಿ ಬಡಿದದ್ದು. ಅದರ ದಪ್ಪ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಶತಮಾನಗಳ ಉಜ್ಜುವಿಕೆಯಿಂದ ಉಬ್ಬಿನ ತುದಿಗಳು ಸವೆದು, ತಗ್ಗುಗಳು ಮಾತ್ರ ಚೂಪಾಗಿ ಉಳಿದಿರಬೇಕು. ಎಲ್ಲವೂ ಸಮನಾಗಿ ಮಂಕಾಗಿದ್ದರೆ ಅದು ಆಮ್ಲದ ಕೆಲಸವೋ ಎಂದು ಶಂಕಿಸಿ. ದುಬಾರಿ ವಸ್ತುವಾದರೆ, ಲೋಹದಲ್ಲಿ ಯಾವ ಧಾತು ಎಷ್ಟಿದೆಯೆಂದು ತೋರಿಸುವ ಎಕ್ಸ್-ರೇ ಫ್ಲೋರೆಸೆನ್ಸ್ ಪರೀಕ್ಷೆ ಮಾಡಿಸಬಹುದು: ತಾಮ್ರವನ್ನು ಸತುವಿನ ಅದಿರಿನೊಡನೆ ಕಾಯಿಸುವ ಹಳೆಯ ವಿಧಾನದಲ್ಲಿ ಹಿತ್ತಾಳೆಯ ಸತು ಸಾಮಾನ್ಯವಾಗಿ ಶೇ 30ರ ಆಸುಪಾಸನ್ನು ದಾಟುತ್ತಿರಲಿಲ್ಲ, ಮತ್ತು ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್, ತಾಮ್ರಕ್ಕೆ ನೇರವಾಗಿ ಬೇಕಾದಷ್ಟು ಬೆರೆಸಬಹುದಾದ ಸತುವಿನ ಲೋಹವನ್ನು ಬಟ್ಟಿಯಿಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದೇ 1738ರಲ್ಲಿ. ಹಾಗಾಗಿ ಶೇ 38ರಷ್ಟು ಸತು ತೋರಿಸುವ ‘ಗೋಥಿಕ್’ ತಟ್ಟೆ ಗೋಥಿಕ್ ಕಾಲದ್ದಲ್ಲ. ಇಂಗ್ಲೆಂಡಿನ ಮೇಣದಬತ್ತಿ ಕಂಬಗಳಿಗೆ ಉಪಕರಣವೂ ಬೇಡ. 17ನೇ ಶತಮಾನದ ಕೊನೆಯಿಂದ ಸುಮಾರು ನೂರು ವರ್ಷ ಅವುಗಳ ಕಂಬವನ್ನು ಎರಡು ಹೋಳುಗಳಾಗಿ ಎರಕ ಹೊಯ್ದು ಬೆಸೆಯುತ್ತಿದ್ದರು. ಕಂಬದ ಮೇಲೆ ಬಾಯಿಂದ ಬೆಚ್ಚನೆ ಉಸಿರು ಬಿಟ್ಟರೆ ಆ ಬೆಸುಗೆಯ ಗೆರೆ ಕ್ಷಣಕಾಲ ಮೂಡಿ ಮಾಯವಾಗುತ್ತದೆ.

ಇನ್ನು ಪ್ಯೂಟರ್. ತಯಾರಕರ ಮುದ್ರೆಗಳೇ ಇಲ್ಲಿ ದಾಖಲೆಯಾದರೂ, ತಯಾರಕರು ತಮ್ಮ ಮುದ್ರೆಯನ್ನು ಒತ್ತಿ ದಾಖಲಿಸುತ್ತಿದ್ದ, ಲಂಡನ್‌ನ ಪ್ಯೂಟರ್ ತಯಾರಕರ ಸಂಘದ ಹಳೆಯ ಮುದ್ರಾಫಲಕಗಳು 1666ರ ಮಹಾ ಬೆಂಕಿಯಲ್ಲಿ ನಾಶವಾಗಿ ಹೊಸವು 1668ರಲ್ಲಿ ಆರಂಭವಾದ ಕಾರಣ, ಅದಕ್ಕೂ ಹಿಂದಿನ ಲಂಡನ್ ಮುದ್ರೆಗಳನ್ನು ಗುರುತಿಸುವುದು ಕಷ್ಟ. ಮುದ್ರೆಗಳ ನಕಲಿಗೂ ಕೊರತೆಯಿಲ್ಲ.

ಕೊಳ್ಳುವಾಗ ನನ್ನ ಆಯ್ಕೆ ಯಾವಾಗಲೂ ಒಡೆದ ಅಸಲಿಯೇ. ಬಾಯಂಚು ಮುಕ್ಕಾದ ಹೂಜಿ ಕಡಿಮೆ ಬೆಲೆಗೆ ಸಿಗುವುದಲ್ಲದೆ, ಮುರಿದ ಜಾಗದಲ್ಲಿ ಮಣ್ಣಿನ ಒಳಬಣ್ಣವನ್ನೂ ತೋರಿಸುತ್ತದೆ. ಮುಚ್ಚಿಟ್ಟ ರಿಪೇರಿಯನ್ನು ಕತ್ತಲಲ್ಲಿ ಅತಿನೇರಳೆ ಟಾರ್ಚ್‌ನಿಂದ ಹುಡುಕಬಹುದು. ಹೊಸ ಅಂಟು, ಬಣ್ಣಗಳು ಹಲವು ವೇಳೆ ಬೇರೆಯೇ ಆಗಿ ಹೊಳೆಯುತ್ತವೆ. ವಸ್ತು ಹಿಂದೆ ಯಾರ ಬಳಿ ಇತ್ತೆಂಬ ಕಾಗದಪತ್ರವನ್ನು ಕೇಳಲು ಸಂಕೋಚ ಬೇಡ. ಚರ್ಚುಗಳಿಂದ ಕದ್ದ ಲೋಹವಸ್ತುಗಳು ಮಾರುಕಟ್ಟೆಗೆ ಬರುವುದುಂಟು. ಇಂಟರ್‌ಪೋಲ್‌ನ ಕಳವು ಕಲಾಕೃತಿಗಳ ದತ್ತಾಂಶವನ್ನು ಐಡಿ-ಆರ್ಟ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಇಂಗ್ಲೆಂಡಿನ ನೆಲದಲ್ಲಿ ಸಿಕ್ಕ ವಸ್ತುವಾದರೆ ಸಿಕ್ಕ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆನ್ನುವ 1996ರ ಟ್ರೆಷರ್ ಕಾಯಿದೆ ಅದಕ್ಕೆ ಅನ್ವಯಿಸುತ್ತದೆಯೇ, ಗಡಿ ದಾಟಿಸುವುದಾದರೆ ರಫ್ತು ಪರವಾನಗಿ ಬೇಕೇ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಬೇಕು.

ತಂದ ವಸ್ತುವನ್ನು ಲೋಹದ ಪಾಲಿಷ್ ಹಾಕಿ ಉಜ್ಜಬೇಡಿ. ಮೃದು ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಪ್ಯೂಟರನ್ನು ಓಕ್ ಮರದ ಬೀರುವಿನಲ್ಲಿ ಮುಚ್ಚಿಡಬಾರದು, ಏಕೆಂದರೆ ಆ ಮರ ಬಿಡುವ ಅಸಿಟಿಕ್ ಆಮ್ಲದ ಆವಿ ಲೋಹದಲ್ಲಿರುವ ಸೀಸವನ್ನು ತಿನ್ನುತ್ತದೆ. ಪ್ರತಿ ವಸ್ತುವಿನ ಅಳತೆ, ತೂಕ, ಕೊಂಡ ದಿನಾಂಕ, ರಸೀದಿ ಮತ್ತು ತಳದ ಒಂದು ಸ್ಪಷ್ಟ ಫೋಟೋವನ್ನು ಒಂದೇ ಕಡತದಲ್ಲಿ ಇಡಿ. ಅಂಟು ಚೀಟಿಯನ್ನು ಮಾತ್ರ ವಸ್ತುವಿನ ಮೈಗೆ ಹಚ್ಚಬೇಡಿ.