ಬಿಸಿಯಾದರೆ ನಿಲ್ಲುತ್ತಿದ್ದ ನನ್ನ ಯೆಜ್ಡಿ

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಪ್ಪನ ಯೆಜ್ಡಿ ಅದಕ್ಕೂ ಮೊದಲೇ ಮಾರಿಹೋಗಿತ್ತು. ಕಳೆದ ವರ್ಷ ಒಂದು ಹಳೇ ಯೆಜ್ಡಿ ರೋಡ್‌ಕಿಂಗ್ ಕಣ್ಣಿಗೆ ಬಿದ್ದಾಗ ಮೈಲೇಜು, ಬಿಡಿಭಾಗ ಏನನ್ನೂ ಯೋಚಿಸಲಿಲ್ಲ. ಎಡಗಾಲಲ್ಲಿ ಕಿಕ್ ಹೊಡೆದು, ಅದೇ ಲಿವರನ್ನು ಮುಂದಕ್ಕೆ ತಿರುಗಿಸಿ ಗೇರ್ ಹಾಕೋದು ಇದೆಯಲ್ಲ, ಅದಕ್ಕೇ ದುಡ್ಡು ಕೊಟ್ಟೆ ಅಂದ್ಕೊಳ್ಳಿ.

ಮನೆಗೆ ತಂದ ವಾರವೇ ರಗಳೆ. ಹತ್ತು ಕಿಲೋಮೀಟರ್ ಓಡಿದರೆ ಮಿಸ್ ಹೊಡೆದು ನಿಲ್ಲುತ್ತಿತ್ತು. ಅರ್ಧ ಗಂಟೆ ತಣ್ಣಗಾದರೆ ಒಂದೇ ಕಿಕ್‌ಗೆ ಸ್ಟಾರ್ಟ್! ಕಾರ್ಬುರೇಟರ್ ಎರಡು ಸಲ ತೊಳೆದೆ, ಪ್ಲಗ್ ಬದಲಿಸಿದೆ. ಸುಮ್ನೆ ದಂಡ.

ಕೊನೆಗೊಂದು ಸಂಜೆ ನಿಂತ ಜಾಗದಲ್ಲೇ ಬಲಗಡೆಯ ಕವರ್ ಬಿಚ್ಚಿದೆ. ಕತ್ತಲಲ್ಲಿ ಕಿಕ್ ಒತ್ತುತ್ತಾ ಪಾಯಿಂಟ್ (ಪ್ಲಗ್‌ಗೆ ಕಿಡಿ ಹುಟ್ಟಿಸಲು ಕರೆಂಟನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್) ಕಡೆ ಬಗ್ಗಿ ನೋಡಿದರೆ, ಅಲ್ಲೇ ದಪ್ಪ ಹಳದಿ ಕಿಡಿ ಹಾರುತ್ತಿತ್ತು. ಪ್ಲಗ್‌ನಲ್ಲಿ ಮಾತ್ರ ಸಪ್ಪೆ. ಬಿಸಿಗೆ ಕೈಕೊಡುತ್ತಿದ್ದದ್ದು ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯಬೇಕಾದ ಕಂಡೆನ್ಸರ್! ಹೊಸದು ಹಾಕಿದೆ. ಸುಟ್ಟಿದ್ದ ಪಾಯಿಂಟನ್ನು ನಯವಾದ ಉಜ್ಜು ಕಾಗದದಲ್ಲಿ ಉಜ್ಜಿ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು 0.4 ಮಿ.ಮೀ. ಅಂತರ ಕೊಟ್ಟೆ.

ಮರುದಿನ 60 ಕಿಲೋಮೀಟರ್ ಓಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ. ಹೊಗೆ ಮಾತ್ರ ಸ್ವಲ್ಪ ಜಾಸ್ತಿ, ಟೂ ಸ್ಟ್ರೋಕ್ ಅಲ್ವಾ.