ಹಾಜರಿ ಪುಸ್ತಕದೊಳಗಿನ ಗ್ರೀಕ್ ಸಮಾಸಗಳು

ದಕ್ಷಿಣ ಕನ್ನಡದ ಒಂದು ಹೈಸ್ಕೂಲಿನಲ್ಲಿ ನಾನು ಸಂಸ್ಕೃತ ಟೀಚರ್. ಒಂಬತ್ತನೇ ತರಗತಿಗೆ ಬಹುವ್ರೀಹಿ ಸಮಾಸ ಹೇಳಿಕೊಡುವಾಗ ಮಕ್ಕಳ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳುವುದು ನನ್ನ ಕ್ರಮ. ಪೀತಾಂಬರ ಎಂಬ ಹುಡುಗ ಎದುರಿಗಿದ್ದರೆ ಅರ್ಧ ಪಾಠ ಮುಗಿದ ಹಾಗೆ. ಒಂದು ವರ್ಷ ಹೀಗೇ ಚಕ್ರಪಾಣಿ, ಪದ್ಮಾಕ್ಷಿ ಎಂದು ಬಿಡಿಸುತ್ತಾ ಹೋಗುತ್ತಿದ್ದೆ. ಮೂರನೇ ಬೆಂಚಿನಿಂದ ಫಿಲಿಪ್ ಎದ್ದು ನಿಂತ.

"ಟೀಚರ್, ನನ್ನ ಹೆಸರಿಗೂ ವಿಗ್ರಹವಾಕ್ಯ ಉಂಟಾ?" ಸಮಾಸವನ್ನು ಬಿಡಿಸಿ ಅರ್ಥ ಹೇಳುವ ವಾಕ್ಯ ಅದು.

ತರಗತಿಯೆಲ್ಲ ನಕ್ಕಿತು. ಹುಡುಗ ಮಾತ್ರ ನಿಜವಾಗಿಯೇ ಕೇಳಿದ್ದ. ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಆ ಸಂಜೆ ಹಾಜರಿ ಪುಸ್ತಕ ತೆರೆದು ಹೆಸರುಗಳನ್ನು ಮೊದಲ ಸಲ ಓದುವವಳ ಹಾಗೆ ಓದಿದೆ. ಫಿಲಿಪ್, ಯೂಜಿನ್, ಸ್ಟೀವನ್, ಜಾರ್ಜ್, ಐರಿನ್, ವೆರೋನಿಕಾ. ದಿನಾ ಕೂಗುವ ಹೆಸರುಗಳು. ಇವೆಲ್ಲ ಗ್ರೀಸಿನಲ್ಲಿ ಹುಟ್ಟಿ, ಚರ್ಚಿನ ಲ್ಯಾಟಿನ್ ದಾಟಿ, ಪೋರ್ಚುಗೀಸರ ಬಾಯಿಂದಲೋ ಇಂಗ್ಲಿಷಿನಿಂದಲೋ ನಮ್ಮ ಕರಾವಳಿಗೆ ಇಳಿದವು. ಮಕ್ಕಳ ಹೆಸರುಗಳ ಒಂದು ಪುಸ್ತಕದಲ್ಲಿ ಫಿಲಿಪ್ ಎದುರು 'ಕುದುರೆ ಪ್ರೇಮಿ' ಎಂದಷ್ಟೇ ಬರೆದಿತ್ತು. ವಿಗ್ರಹವಾಕ್ಯ ಇಲ್ಲದ ಅರ್ಥ ಎಂದರೆ ಲೆಕ್ಕ ಮಾಡಿ ತೋರಿಸದ ಉತ್ತರ. ನನಗೆ ಅದು ಸಾಲಲಿಲ್ಲ.

ಮೊದಲು ಮಾಡಿದ ಕೆಲಸ, ಗ್ರೀಕ್ ಲಿಪಿಯ 24 ಅಕ್ಷರ ಕಲಿತದ್ದು. ಅದಕ್ಕೆ ಹತ್ತು ಹದಿನೈದು ದಿನ ಸಾಕಾಯಿತು. ಅಲ್ಲೇ ಒಂದು ಸಂತೋಷವೂ ಕಾದಿತ್ತು. ಇಂದಿನ ಗ್ರೀಕರು ತುಟಿಗೆ ಹಲ್ಲು ತಾಗಿಸಿ ಹೇಳುವ ಫೀ ಅಕ್ಷರವನ್ನು ಪ್ರಾಚೀನ ಅಥೆನ್ಸಿನವರು ನಮ್ಮ 'ಫಲ'ದ ಫಕಾರದಂತೆ ಉಚ್ಚರಿಸುತ್ತಿದ್ದರು. ಥೀಟಾ ಅಕ್ಷರ ನಮ್ಮ ಥ, ಖೀ ಅಕ್ಷರ ನಮ್ಮ ಖ. ಮಹಾಪ್ರಾಣವನ್ನು ಬರೆದು ತೋರಿಸಲು ಇಂಗ್ಲಿಷಿಗೆ ಎರಡೆರಡು ಅಕ್ಷರ ಬೇಕು, ಕನ್ನಡಕ್ಕೆ ಒಂದೇ ಸಾಕು. ಥಿಯೋಡೋರ್ ಎಂದು ನಾವು ಡಕಾರ ಹಾಕುವುದು ಇಂಗ್ಲಿಷಿನ ದಾರಿಯಲ್ಲಿ ಬಂದ ಅಭ್ಯಾಸ. ಮೂಲದಲ್ಲಿ ಅದು ದಕಾರ: ಥೆಓದೋರೊಸ್. ಹೆಸರನ್ನು ಮೂಲ ಅಕ್ಷರದಲ್ಲಿ ಓದಿ ಕನ್ನಡದಲ್ಲಿ ಬರೆದುಕೊಂಡರೆ ಅದರ ಕೀಲು ಎಲ್ಲಿದೆ ಎಂದು ತಾನಾಗಿ ಕಾಣುತ್ತದೆ.

ಉದ್ದ ಲೆಡ್ಜರ್ ಪುಸ್ತಕ ತಂದು ಮೂರು ಕಾಲಂ ಎಳೆದೆ: ಪೂರ್ವಪದ, ಉತ್ತರಪದ, ವಿಗ್ರಹ. ಮೊದಲನೆಯದು ಫಿಲಿಪ್ಪೊಸ್. ಫಿಲೊಸ್ ಎಂದರೆ ಪ್ರಿಯ. ಹಿಪ್ಪೊಸ್ ಎಂದರೆ ಕುದುರೆ. ಕಿವಿಗೆ ಹತ್ತಿರ ಅನ್ನಿಸದಿದ್ದರೂ ಹಿಪ್ಪೊಸ್ ಮತ್ತು ನಮ್ಮ ಅಶ್ವ ಒಂದೇ ಮೂಲದ ಶಬ್ದಗಳು. ಬಿಡಿಸಿದಾಗ ಬಂದದ್ದು: ಪ್ರಿಯಾಃ ಅಶ್ವಾಃ ಯಸ್ಯ ಸಃ, ಪ್ರಿಯಾಶ್ವಃ. ಅಪ್ಪಟ ಬಹುವ್ರೀಹಿ! ಅಲೆಗ್ಸಾಂಡರನ ತಂದೆ, ಮ್ಯಾಸಿಡೋನಿಯದ ಎರಡನೇ ಫಿಲಿಪನ ಕುದುರೆ ಕ್ರಿ.ಪೂ. 356ರ ಒಲಿಂಪಿಕ್ಸಿನಲ್ಲಿ ಗೆದ್ದಿತ್ತು. ಹೆಸರಿಗೆ ತಕ್ಕ ಹಾಗೆ ನಡೆದುಕೊಂಡ ದೊರೆ.

ನಾಳೆ ಎಂದಿದ್ದೆನಲ್ಲ, ಆಗಲೇ ಮೂರು ವಾರ ದಾಟಿತ್ತು. ಬೋರ್ಡಿನ ಮೇಲೆ ಪೀತಾಂಬರನ ಕೆಳಗೆ ಪ್ರಿಯಾಶ್ವನನ್ನು ಬರೆದೆ. ಫಿಲಿಪ್ ಅದನ್ನು ನೋಟ್ಸಿನಲ್ಲಿ ಇಳಿಸಿಕೊಂಡು ಅಡಿಗೆರೆ ಎಳೆದ. ಆಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? "ನನ್ನದು ಟೀಚರ್, ನನ್ನದು" ಎಂದು ಸಾಲು ಹಚ್ಚಿದರು.

ಯೂಜಿನ್ ಸುಲಭಕ್ಕೆ ಬಿಟ್ಟುಕೊಟ್ಟಿತು. ಗ್ರೀಕಿನ ಎಉ ಎಂಬ ಉಪಸರ್ಗವೂ ಸಂಸ್ಕೃತದ ಸು ಕೂಡ ಒಡಹುಟ್ಟುಗಳು. ಗೆನೊಸ್ ಮತ್ತು ಜನಸ್ ಹಾಗೆಯೇ. ಎಉಗೆನೇಸ್ ಎಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವ, ನಮ್ಮ ಸುಜಾತ. ಇದೇ ಎಳೆ ಹಿಡಿದು ಹೋದರೆ ಎಉಮೆನೇಸ್ ಸಿಗುತ್ತಾನೆ. ಅಲೆಗ್ಸಾಂಡರನ ಕಾರ್ಯದರ್ಶಿಯಾಗಿದ್ದವನ ಹೆಸರದು, ಸಂಸ್ಕೃತದಲ್ಲಿ ಸುಮನಸ್. ಎಉಕ್ಲೇಸ್ ಎಂದರೆ ಸುಶ್ರವಸ್. ಕ್ಲೆಒಸ್ ಎಂಬುದು ಶ್ರವಸ್, ಅಂದರೆ ಕೀರ್ತಿ. ಜನ ಕಿವಿಯಿಂದ ಕಿವಿಗೆ ಹೇಳಿ ಉಳಿಸುವಂಥದು. ಹೋಮರನ 'ಕ್ಲೆಒಸ್ ಅಫ್ಥಿತೊನ್' ಮತ್ತು ಋಗ್ವೇದದ 'ಅಕ್ಷಿತಂ ಶ್ರವಃ' ಪದಕ್ಕೆ ಪದ ಹೊಂದುತ್ತವೆ ಎಂದು ಜರ್ಮನ್ ವಿದ್ವಾಂಸ ಅಡಾಲ್ಬರ್ಟ್ ಕೂನ್ 1853ರಲ್ಲೇ ತೋರಿಸಿದ್ದರು. ಎರಡಕ್ಕೂ ಅಳಿಯದ ಕೀರ್ತಿ ಎಂದೇ ಅರ್ಥ. ಪೆರಿಕ್ಲೇಸ್, ಸೊಫೊಕ್ಲೇಸ್, ಥೆಮಿಸ್ತೊಕ್ಲೇಸ್ ಎಲ್ಲರ ಬಾಲದಲ್ಲಿಯೂ ಈ ಶ್ರವಸ್ಸೇ ಇದೆ. ಈಜಿಪ್ಟಿನ ರಾಣಿ ಎಂದು ನಾವು ಓದಿದ ಕ್ಲಿಯೋಪಾತ್ರಳದ್ದು ಈಜಿಪ್ಟಿನ ಹೆಸರೇ ಅಲ್ಲ. ಕ್ಲೆಒಸ್ ಮತ್ತು ಪತೇರ್ (ನಮ್ಮ ಪಿತೃ) ಸೇರಿ ಆದ ಹೆಸರು, ತಂದೆಯ ಕೀರ್ತಿ. ಆ ಎರಡು ಪದಗಳನ್ನೇ ಹಿಂದುಮುಂದು ಮಾಡಿ, ಹೋಮರನ ಕಾವ್ಯದ ವೀರ ಅಖಿಲೆಉಸನ (ಅಕಿಲೀಸ್) ಗೆಳೆಯ ಪಾತ್ರೊಕ್ಲೊಸನ ಹೆಸರು ಬರೆದು ನೋಡಿ. ಇದನ್ನು ಕಂಡ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಷ್ಟು ಸುಲಭವಾಗಿ ದಾರಿ ಬಿಚ್ಚಿಕೊಂಡದ್ದೇ ನನ್ನನ್ನು ತಪ್ಪಿಗೆ ಎಳೆಯಿತು. ಥೆಓದೋರೊಸ್ ಎಂದರೆ ದೇವರು ಕೊಟ್ಟ ಕಾಣಿಕೆ, ದೇವದತ್ತ. ಅರ್ಥ ಸರಿ. ಆದರೆ ಅದೇ ಉಮೇದಿನಲ್ಲಿ ಥೆಓಸ್ ಮತ್ತು ದೇವ ಒಂದೇ ಶಬ್ದ ಎಂದು ಬೋರ್ಡಿನ ಮೇಲೆ ಬರೆದುಬಿಟ್ಟೆ. ವಾರ ಕಳೆದ ಮೇಲೆ ವರ್ಣಗಳ ಲೆಕ್ಕ ಹಾಕುವಾಗ ಎದೆ ಧಸಕ್ಕೆಂದಿತು. ಸಂಸ್ಕೃತದ ದಕಾರಕ್ಕೆ ಗ್ರೀಕಿನಲ್ಲಿ ದಕಾರವೇ ಬರಬೇಕು: ದಶ, ದೆಕ, ದಾನ, ದೋರೊನ್. ಗ್ರೀಕಿನ ಥಕಾರಕ್ಕೆ ಎದುರು ನಿಲ್ಲುವುದು ನಮ್ಮ ಧಕಾರ: ಮೆಥು, ಮಧು, ಎರುಥ್ರೊಸ್ (ಕೆಂಪು), ರುಧಿರ, ಥೂಮೊಸ್ (ಚೈತನ್ಯ), ಧೂಮ. ಹಾಗಾಗಿ ಥೆಓಸ್ ದೇವನ ಬಳಗದವನಲ್ಲ. ದೇವನ ನಿಜವಾದ ನೆಂಟ ಗ್ರೀಕರ ದೇವರಾಜ ಜೆಉಸ್ (ಜ್ಯೂಸ್). ಅವನ ಷಷ್ಠೀ ವಿಭಕ್ತಿ ದಿಒಸ್, ನಮ್ಮ ದ್ಯೌಃ ಶಬ್ದದ ಷಷ್ಠಿ ದಿವಃ. ಹಗಲಿನಲ್ಲಿ ದೀಪ ಹಿಡಿದು ತಿರುಗಿದನೆಂದು ಕಥೆಯಿರುವ ದಿಒಗೆನೇಸನ ಹೆಸರಲ್ಲಿ ಇರುವುದು ಅದು. ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು, ಹಳೆಯದನ್ನು ಒರೆಸಿ, ಹೊಸದಾಗಿ ಬರೆದೆ. ಅಂದಿನಿಂದ ಲೆಡ್ಜರಿಗೆ ನಾಲ್ಕನೆಯ ಕಾಲಂ ಸೇರಿತು. ಅರ್ಥ ಹೊಂದುವುದು ಬೇರೆ, ಶಬ್ದ ಹೊಂದುವುದು ಬೇರೆ. ಎರಡನ್ನೂ ಪ್ರತ್ಯೇಕ ಬರೆಯುವುದಕ್ಕೆ ಆ ಕಾಲಂ.

ವೆರೋನಿಕಾಳ ಹೆಸರು ನನ್ನನ್ನು ಅತ್ತಿತ್ತ ಸುತ್ತಿಸಿತು. ಲ್ಯಾಟಿನ್ ಇರಬೇಕು ಎಂದುಕೊಂಡಿದ್ದೆ, 'ನಿಜವಾದ ಚಿತ್ರ' ಎಂಬ ವಿವರಣೆ ಎಲ್ಲ ಕಡೆ ಸಿಗುತ್ತದೆ. ಅದು ಆಮೇಲೆ ಕಟ್ಟಿದ ಅರ್ಥ. ಹಿಂದೆ ಹೋದರೆ ಬೆರೆನೀಕೇ ಎಂಬ ಮ್ಯಾಸಿಡೋನಿಯದ ರೂಪ, ಅದರ ಹಿಂದೆ ಫೆರೆನೀಕೇ. ಉಳಿದ ಗ್ರೀಕರು ಫ ಎನ್ನುವಲ್ಲಿ ಮ್ಯಾಸಿಡೋನಿಯದವರದು ಬ. ಫೆರೋ ಎಂದರೆ ಹೊರು, ನಮ್ಮ ಭರಾಮಿ. ನೀಕೇ ಎಂದರೆ ಜಯ. ಜಯವನ್ನು ಹೊತ್ತು ತರುವವಳು! ಹುಡುಗಿಗೆ ಇದನ್ನು ಹೇಳಿದಾಗ ಅವಳು ಬೆನ್ನು ನೆಟ್ಟಗೆ ಮಾಡಿ ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈ ಫೆರೋ ಧಾತುವೇ ಕ್ರಿಸ್ಟೋಫರನಲ್ಲಿದೆ, ಕ್ರಿಸ್ತನನ್ನು ಹೊತ್ತವ. ನೀಕೇ ನಿಕೋಲಸನಲ್ಲಿಯೂ ಯೂನಿಸಳಲ್ಲಿಯೂ ಇದೆ.

ಸ್ಟೀವನ್ ಒಂಟಿ ಪದ, ಬಿಡಿಸಲು ಏನೂ ಇಲ್ಲ. ಸ್ತೆಫನೊಸ್ ಎಂದರೆ ಕಿರೀಟ ಎಂದು ಬರೆಯುತ್ತಾರೆ, ಆದರೆ ಅದು ದೊರೆಯ ಚಿನ್ನದ ಕಿರೀಟವಲ್ಲ. ಪಂದ್ಯದಲ್ಲಿ ಗೆದ್ದವರ ತಲೆಗೆ ಸುತ್ತುತ್ತಿದ್ದ ಎಲೆಗಳ ಮಾಲೆ. ಒಲಿಂಪಿಯಾದಲ್ಲಿ ಕಾಡು ಆಲಿವ್ ಎಲೆಯದು. ಇವತ್ತಿಗೂ ಗ್ರೀಕ್ ಮದುವೆಯಲ್ಲಿ ವಧೂವರರ ತಲೆಗೆ ರಿಬ್ಬನ್ನಿನಿಂದ ಜೋಡಿಸಿದ ಸ್ತೆಫನಾ ಇಟ್ಟು ಮೂರು ಸಲ ಅದಲುಬದಲು ಮಾಡುತ್ತಾರೆ. ನಮ್ಮ ಬಾಸಿಂಗವನ್ನು ನೆನೆಸಿಕೊಂಡರೆ ಆ ಶಬ್ದದ ಬೆಚ್ಚಗಿನ ಭಾವ ತಿಳಿಯುತ್ತದೆ. ಜಾರ್ಜ್ ಎಂದರೆ ಗೇ, ಭೂಮಿ, ಎರ್ಗೊನ್, ಕೆಲಸ. ಒಕ್ಕಲುಮಗ. ಐರಿನ್ ಎಂದರೆ ಶಾಂತಿ, ಆ ಹೆಸರಿನ ದೇವತೆಯೂ ಇದ್ದಳು. ಝೋಯಿ ಎಂಬ ಪುಟ್ಟ ಹೆಸರು ನಮ್ಮ 'ಜೀವ' ಶಬ್ದದ ಮೂಲದಿಂದಲೇ ಹುಟ್ಟಿದ್ದು, ಅರ್ಥವೂ ಅದೇ.

ಕೆಲವರಿಗೆ ನಿರಾಸೆ ಮಾಡಬೇಕಾಯಿತು. ಇಂದು ಗ್ರೀಸಿನಲ್ಲಿ ಎಲ್ಲಿ ನೋಡಿದರೂ ಸಿಗುವ ಯಾನ್ನಿಸ್, ಮರಿಯ ಎರಡೂ ಹೀಬ್ರೂ ಮೂಲದವು, ಕೋಸ್ತಾಸ್ ಲ್ಯಾಟಿನ್ನಿನ ಕಾನ್‌ಸ್ಟಂಟೈನ್. ಹೆಲೆನ್, ಕ್ಯಾಥರೀನ್ ಗ್ರೀಕ್ ಹೆಸರುಗಳೇ ಆದರೂ ಅವುಗಳ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ಯಾಥರೀನಿಗೆ 'ಶುದ್ಧಳು' ಎಂಬ ಅರ್ಥ ಅಂಟಿದ್ದು ಕಥರೊಸ್ ಶಬ್ದದ ಹೋಲಿಕೆಯಿಂದ. ಅವುಗಳ ವಿಗ್ರಹದ ಕಾಲಂ ಖಾಲಿ ಬಿಟ್ಟಿದ್ದೇನೆ. ಖಾಲಿ ಕಾಲಂ ಕಂಡು ಮಕ್ಕಳು ಬೇಸರಪಟ್ಟುಕೊಂಡರೂ ಸುಳ್ಳು ತುಂಬಲು ನನಗೆ ಮನಸ್ಸಿಲ್ಲ.

ಎರಡು ವರ್ಷ ಕಳೆದ ಮೇಲೆ ಇನ್ನೊಂದು ವಿಷಯ ಹೊಳೆಯಿತು, ಮೊದಲೇ ಹೊಳೆಯಬೇಕಿತ್ತು. ಗ್ರೀಕರು ಎಲ್ಲ ಹೆಸರುಗಳನ್ನೂ ಅರ್ಥ ನೋಡಿ ಇಡುತ್ತಿರಲಿಲ್ಲ. ಹಿರಿಯ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡುವುದು ರೂಢಿ. ಪೆರಿಕ್ಲೇಸನ ತಂದೆ ಕ್ಸಾಂಥಿಪ್ಪೊಸ್, ಮಗನೂ ಕ್ಸಾಂಥಿಪ್ಪೊಸ್. ಪೂರ್ತಿ ಹೆಸರು ಬೇಡವಾದರೆ ಅಜ್ಜನದೊಂದು ಪದ, ತಾಯಿಯ ಕಡೆಯದೊಂದು ಪದ ಹೊಂದಿಸುತ್ತಿದ್ದರು. ಕ್ರಿ.ಪೂ. 423ರಲ್ಲಿ ಆಡಿದ ಅರಿಸ್ತೊಫನೇಸನ 'ಮೋಡಗಳು' ಪ್ರಹಸನದಲ್ಲಿ ಗಂಡ ಹೆಂಡತಿ ಮಗುವಿನ ಹೆಸರಿಗಾಗಿ ಜಗಳವಾಡುತ್ತಾರೆ. ಸಿರಿವಂತ ಮನೆಯಿಂದ ಬಂದ ಅವಳಿಗೆ ಹೆಸರಲ್ಲಿ ಹಿಪ್ಪೊಸ್ ಇರಲೇಬೇಕು, ಕುದುರೆ ಸಾಕುವುದು ದೊಡ್ಡಸ್ತಿಕೆಯ ಗುರುತು. ಹಳ್ಳಿಯ ಗಂಡನಿಗೆ ತನ್ನಪ್ಪನ ಹೆಸರು ಬೇಕು. ಅದರಲ್ಲಿ ಇರುವುದು ಉಳಿತಾಯದ ಅರ್ಥ ಕೊಡುವ ಧಾತು. ರಾಜಿಯಾಗಿ ಮಗು ಫೆಇದಿಪ್ಪಿದೇಸ್ ಆಯಿತು. ಕುದುರೆ ಮತ್ತು ಜಿಪುಣತನ ಒಂದೇ ಹೆಸರಿನಲ್ಲಿ! ಮಗನೋ ಬೆಳೆದು ಕುದುರೆಯ ಹುಚ್ಚಿಗೆ ಅಪ್ಪನ ದುಡ್ಡೆಲ್ಲ ಸುರಿಯುತ್ತಾನೆ. ಇಂಥ ಹೆಸರಿಗೆ ವಿಗ್ರಹವಾಕ್ಯ ಕೇಳಬಾರದು, ಯಾವ ಪದ ಯಾರ ಮನೆಯಿಂದ ಬಂತು ಎಂದು ಕೇಳಬೇಕು. ಅಲ್ಲಿಂದ ಮುಂದೆ ನಾನು ಹೆಸರಿನ ಜೊತೆ ಅಪ್ಪ, ಅಜ್ಜನ ಹೆಸರನ್ನೂ ಹುಡುಕಲು ತೊಡಗಿದೆ. ಆಕ್ಸ್‌ಫರ್ಡಿನಲ್ಲಿ 1972ರಲ್ಲಿ ಶುರುವಾದ ಗ್ರೀಕ್ ವ್ಯಕ್ತಿನಾಮಗಳ ಕೋಶ ಅಂತರ್ಜಾಲದಲ್ಲಿ ಸಿಗುತ್ತದೆ. ಶಾಸನ, ಸಮಾಧಿಗಲ್ಲು, ಪುಸ್ತಕಗಳಲ್ಲಿ ಬಂದ ನಿಜ ಮನುಷ್ಯರನ್ನು ಊರು, ಕಾಲ ಸಮೇತ ಕೊಡುವ ಕೋಶ ಅದು. ಹೆಸರಿನ ಅರ್ಥಕ್ಕಿಂತ ಹೆಚ್ಚಾಗಿ ಹೆಸರಿನ ಬದುಕು ಅಲ್ಲಿ ಸಿಗುತ್ತದೆ.

ಇನ್ನೂ ಹಳೆಯ ಗುರುತು ಪ್ರಾಚೀನ ಗ್ರೀಸಿನ ಮೈಸೀನಿಯ ಮಣ್ಣಿನ ಹಲಗೆಗಳಲ್ಲಿದೆ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿ ತೋರಿಸಿದ ಆ ಲಿಪಿಯಲ್ಲಿಯೂ ನಮ್ಮಂತೆಯೇ ವ್ಯಂಜನ, ಸ್ವರ ಸೇರಿ ಒಂದೇ ಅಕ್ಷರ, ಆದರೆ ಕಾಗುಣಿತವಿಲ್ಲ: ಕ, ಕಿ, ಕುಗಳಿಗೆ ಒಂದಕ್ಕೊಂದು ಹೋಲದ ಬೇರೆ ಬೇರೆ ಚಿಹ್ನೆಗಳು. ಒತ್ತಕ್ಷರವೂ ಇಲ್ಲ. ಅದರ ಒಂದು ಹಲಗೆಯಲ್ಲಿ ಹೆಂಗಸರ ಪಟ್ಟಿಯಿದೆ: 'ತೆ-ಒ-ದೊ-ರ', 'ಅ-ರೆ-ಕ-ಸ-ದ-ರ'. ಥಿಯೋಡೋರಾ, ಅಲೆಗ್ಸಾಂಡ್ರಾ! ಅಲೆಗ್ಸಾಂಡ್ರಾ ಎಂದರೆ ಗಂಡಸರನ್ನು ಕಾಯುವವಳು. ಆ ಅಂದ್ರ್ ಭಾಗ ನಮ್ಮ 'ನರ'ನ ಬಂಧು. ಜಗತ್ತನ್ನೇ ಗೆಲ್ಲಹೊರಟ ದೊರೆಗಿಂತ ಸುಮಾರು 900 ವರ್ಷ ಮೊದಲೇ ಅರಮನೆಯ ಲೆಕ್ಕದ ಹಲಗೆಯ ಮೇಲೆ ಆ ಹೆಸರನ್ನು ಒಬ್ಬ ಹೆಂಗಸು ಹೊತ್ತಿದ್ದಳು. ನಮ್ಮ ಹುಡುಗಿಯರಿಗೆ ಇದನ್ನು ಪ್ರತಿ ವರ್ಷ ಹೇಳುತ್ತೇನೆ.

ಹುಡುಕಾಟದ ನಡುವೆ ಒಂದು ದೀಪಾವಳಿ ರಜೆಯಲ್ಲಿ ಮಧ್ಯಪ್ರದೇಶದ ವಿದಿಶಾಕ್ಕೆ ಹೋಗಿಬಂದೆ. ಪಕ್ಕದ ಬೇಸನಗರದಲ್ಲಿ ಕ್ರಿ.ಪೂ. 2ನೇ ಶತಮಾನದ ಗರುಡಗಂಬವಿದೆ. ನಿಲ್ಲಿಸಿದವನು ತಕ್ಷಶಿಲೆಯಿಂದ ಬಂದ ಗ್ರೀಕ್ ರಾಯಭಾರಿ ಹೆಲಿಒದೋರೊಸ್, ವಾಸುದೇವನ ಭಕ್ತ. ಹೇಲಿಒಸ್ ಎಂದರೆ ಸೂರ್ಯ, ದೋರೊನ್ ಎಂದರೆ ಕಾಣಿಕೆ: ಸೂರ್ಯದತ್ತ. ಇಲ್ಲಿ ಎರಡೂ ಪದಗಳು ಸಂಸ್ಕೃತಕ್ಕೆ ರಕ್ತಸಂಬಂಧಿಗಳೇ. ಅವನ ತಂದೆ ದಿಒನ್, ಜೆಉಸನ ಬಳಗದ ಹೆಸರು. ಬ್ರಾಹ್ಮಿಯಲ್ಲಿ ಕೊರೆದ ಪ್ರಾಕೃತದ ಸಾಲು 'ಹೆಲಿಓದೊರೇಣ ಭಾಗವತೇನ ದಿಯಸ ಪುತ್ರೇಣ' ಎನ್ನುತ್ತದೆ. ಗ್ರೀಕ್ ಹೆಸರಿಗೆ ತೃತೀಯಾ ವಿಭಕ್ತಿ, ಅಪ್ಪನ ಹೆಸರಿಗೆ ಷಷ್ಠಿ. ಇಪ್ಪತ್ತು ವರ್ಷ ವಿಭಕ್ತಿ ಕಲಿಸಿದ ನನಗೆ ಆ ಬಿಸಿಲಿನಲ್ಲಿ ಗಂಬದೆದುರು ಗಂಟಲು ಕಟ್ಟಿತು.

ಯಾರಾದರೂ ಇದನ್ನು ಮಾಡಹೊರಟರೆ ಹೇಳುವುದಿಷ್ಟೆ. ಅರ್ಥದ ಪಟ್ಟಿಯಿಂದ ಆರಂಭಿಸಬೇಡಿ. ಮೂವತ್ತು ನಲವತ್ತು ಪದ ಬಾಯಿಪಾಠ ಮಾಡಿ: ಥೆಓಸ್, ದೋರೊನ್, ಹಿಪ್ಪೊಸ್, ಕ್ಲೆಒಸ್, ನೀಕೇ, ದೇಮೊಸ್ (ಜನ), ಲಾಒಸ್ (ಜನಸಮೂಹ), ಅರಿಸ್ತೊಸ್ (ಶ್ರೇಷ್ಠ). ಅವುಗಳನ್ನು ಇಸ್ಪೀಟಿನ ಎಲೆಯಂತೆ ಕಲಸಿ ಹಂಚಿದರೆ ನೂರಾರು ಹೆಸರು ತಾವೇ ತೆರೆದುಕೊಳ್ಳುತ್ತವೆ. ತೆರೆದುಕೊಳ್ಳದ್ದನ್ನು ಬಲವಂತ ಮಾಡಬೇಡಿ.

ಹೋದ ಮಳೆಗಾಲದಲ್ಲಿ ಫಿಲಿಪ್ ಫೋನ್ ಮಾಡಿದ. ಈಗ ಕೊಲ್ಲಿ ದೇಶದಲ್ಲಿದ್ದಾನೆ. "ಟೀಚರ್, ಮಗಳಾಯ್ತು. ನಮ್ಮಲ್ಲಿ ಮೊದಲ ಮಗಳಿಗೆ ಅಪ್ಪನ ಅಮ್ಮನ ಹೆಸರಲ್ವಾ, ಡೊರೊತಿ ಅಂತ ಇಟ್ಟಿದ್ದೇವೆ. ವಿಗ್ರಹ ಹೇಳ್ತೀರಾ?" ಲೆಡ್ಜರ್ ತೆಗೆದು ಹೊಸ ಸಾಲು ಬರೆದೆ. ಪೂರ್ವಪದ ದೋರೊನ್, ಉತ್ತರಪದ ಥೆಓಸ್. "ಥಿಯೋಡೋರಾ ಉಲ್ಟಾ ಆದದ್ದು ಮಗಾ" ಎಂದೆ. "ಅಂದರೆ ದೇವದತ್ತ ನಮ್ಮ ಬೇಬಿಗೆ ಸಂಬಂಧಿಕ ಆಗ್ತಾನಾ?" ಎಂದ. ಅರ್ಥದಲ್ಲಿ ಆಗುತ್ತಾನೆ, ಶಬ್ದದಲ್ಲಿ ಅರ್ಧ ಮಾತ್ರ ಎಂದು ನಾನು ವಿವರಿಸಲು ಶುರು ಮಾಡಿದೆ. ಹಿಂದಿನಿಂದ ಮಗು ಅಳುವ ಸದ್ದು ಬಂತು. "ಒಂದು ನಿಮಿಷ ಟೀಚರ್, ಇಡಬೇಡಿ, ಬರೆದುಕೊಳ್ತೇನೆ" ಎಂದು ಪೆನ್ನು ಹುಡುಕಲು ಹೋದ.